ಚಾಲೆಂಜರ್ ಟೆನಿಸ್ ಟೂರ್ನಿಯ ಆಟಗಾರರ ಪಟ್ಟಿ ನೋಡಿ ಯಾರು ಚೆನ್ನಾಗಿ ಆಡಬಹುದು ಅಂತ ಅಂದಾಜು ಮಾಡುವುದು ಹೇಗೆ?

ನಿಮ್ಮ ಪ್ರಶ್ನೆ ಇದು: ಮುಂದಿನ ವಾರದ ಪುರುಷರ ಚಾಲೆಂಜರ್ ಟೂರ್ನಿಯ ಪಟ್ಟಿ ಬಂದಿದೆ, ಅದರಲ್ಲಿ ಎರಡೋ ಮೂರೋ ಹೆಸರು ಬಿಟ್ಟರೆ ಮಿಕ್ಕವರು ಯಾರೂ ಗೊತ್ತಿಲ್ಲ, ಯಾರ ಆಟ ನೋಡಬೇಕು, ಯಾರು ಕೊನೆವರೆಗೆ ಬರಬಹುದು ಅಂತ ಮೊದಲೇ ತಿಳಿಯುವುದು ಹೇಗೆ?

ನಾನು ಹಲವು ವರ್ಷಗಳಿಂದ ವಾರ ವಾರ ಈ ಪಟ್ಟಿಗಳನ್ನು ಓದುತ್ತಾ ಬಂದಿದ್ದೇನೆ. ಶುರುವಿನಲ್ಲಿ ರ‍್ಯಾಂಕಿಂಗ್ ನೋಡಿ, ಮೇಲಿನ ನಾಲ್ಕು ಹೆಸರಿಗೆ ಗುರುತು ಹಾಕಿ ಮುಗಿಸುತ್ತಿದ್ದೆ. ಅದು ಬಹಳ ಸಲ ತಪ್ಪಾಗುತ್ತಿತ್ತು. ಈಗ ಪ್ರತಿ ಹೆಸರಿನ ಮುಂದೆ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇವನು ಈ ವಾರ, ಈ ಟೂರ್ನಿಗೇ ಯಾಕೆ ಬಂದಿದ್ದಾನೆ? ಇದಕ್ಕೆ ಉತ್ತರ ಸಿಕ್ಕರೆ ಅರ್ಧ ಕೆಲಸ ಆದ ಹಾಗೆ.

ಮೊದಲು ಟೂರ್ನಿ ಯಾವ ದರ್ಜೆಯದು ಅಂತ ನೋಡಿ. ಚಾಲೆಂಜರ್‌ನಲ್ಲಿ 50, 75, 100, 125, 175 ಅಂತ ಐದು ದರ್ಜೆ ಇವೆ. ಗೆದ್ದವನಿಗೆ ಅಷ್ಟೇ ರ‍್ಯಾಂಕಿಂಗ್ ಪಾಯಿಂಟ್. ಇದಕ್ಕಿಂತ ಕೆಳಗೆ ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ (ಐಟಿಎಫ್) ನಡೆಸುವ ಎಂ15, ಎಂ25 ಟೂರ್ನಿಗಳು, ಮೇಲೆ ಪುರುಷರ ವೃತ್ತಿಪರ ಟೆನಿಸ್ ಸಂಘದ ಎಟಿಪಿ ಟೂರ್ ಮತ್ತು ಗ್ರ್ಯಾನ್ ಸ್ಲಾಮ್. ಅಂದರೆ ಚಾಲೆಂಜರ್ ನಡುವಿನ ಮೆಟ್ಟಿಲು. ಏರುತ್ತಿರುವವರು, ಇಳಿಯುತ್ತಿರುವವರು ಇಬ್ಬರೂ ಇಲ್ಲೇ ಎದುರಾಗುತ್ತಾರೆ. 50ರ ದರ್ಜೆಯಲ್ಲಿ 300ರ ಆಚೆಯವರೂ ನೇರವಾಗಿ ಪ್ರಧಾನ ಸುತ್ತಿಗೆ ಬರಬಹುದು. 175ರಲ್ಲಿ ನೀವು ಟಿವಿಯಲ್ಲಿ ನೋಡಿದ ಮುಖಗಳೇ ಕಾಣುತ್ತವೆ. ಹಾಗಾಗಿ 150ನೇ ರ‍್ಯಾಂಕಿಂಗ್ ಒಂದು ಕಡೆ ಅಗ್ರ ಶ್ರೇಯಾಂಕ (ಬಲಿಷ್ಠರು ಮೊದಲೇ ಪರಸ್ಪರ ಎದುರಾಗದಂತೆ ಆ ಟೂರ್ನಿಯಲ್ಲಿ ಕೊಡುವ ಸ್ಥಾನ) ಕೊಡಿಸಿದರೆ, ಇನ್ನೊಂದು ಕಡೆ ಶ್ರೇಯಾಂಕವೇ ಇಲ್ಲದ ಹಾಗೆ ಮಾಡುತ್ತದೆ.

ಸಿಂಗಲ್ಸ್ ಪ್ರಧಾನ ಸುತ್ತಿನಲ್ಲಿ ಸಾಮಾನ್ಯವಾಗಿ 32 ಜನ. ಎಂಟು ಮಂದಿಗೆ ಶ್ರೇಯಾಂಕ. ಆರು ಜನ ಅರ್ಹತಾ ಸುತ್ತು ಗೆದ್ದು ಬರುತ್ತಾರೆ, ಕೆಲವರು ಆಯೋಜಕರು ನೇರವಾಗಿ ಕೊಡುವ ವೈಲ್ಡ್ ಕಾರ್ಡ್‌ನಲ್ಲಿ ಬರುತ್ತಾರೆ, ಉಳಿದವರು ಹೆಚ್ಚಾಗಿ ರ‍್ಯಾಂಕಿಂಗ್ ಮೇಲೆ.

ಒಂದು ಎಚ್ಚರಿಕೆ ಈಗಲೇ ಹೇಳಿಬಿಡುತ್ತೇನೆ. ನೀವು ನೋಡುತ್ತಿರುವ ಪಟ್ಟಿ ಇನ್ನೂ ಹಸಿ. ಹೆಸರು ಕೊಡುವ ಗಡುವು ಟೂರ್ನಿಗೆ ಸುಮಾರು ಮೂರು ವಾರ ಮೊದಲೇ ಮುಗಿಯುತ್ತದೆ. ಆಗಿನ ರ‍್ಯಾಂಕಿಂಗ್ ನೋಡಿ ಯಾರಿಗೆ ಜಾಗ ಅಂತ ನಿರ್ಧಾರ ಆಗುತ್ತದೆ. ಆಮೇಲೆ ಗಾಯ, ದಣಿವು, ಬೇರೆ ಟೂರ್ನಿಯಲ್ಲಿ ಅವಕಾಶ ಅಂತ ಒಬ್ಬೊಬ್ಬರಾಗಿ ಹಿಂದೆ ಸರಿಯುತ್ತಾರೆ, ಕಾಯುವ ಪಟ್ಟಿಯಲ್ಲಿದ್ದವರು ಮೇಲೆ ಬರುತ್ತಾರೆ. ಹಿಂದಿನ ಭಾನುವಾರ ದೂರದ ಇನ್ನೊಂದು ಖಂಡದಲ್ಲಿ ಫೈನಲ್ ಆಡಿದವನ ಹೆಸರು ಇಲ್ಲಿದ್ದರೆ, ಅವನು ಬರುತ್ತಾನೆ ಅಂತ ಪೂರ್ತಿ ನಂಬಬೇಡಿ. ಶ್ರೇಯಾಂಕ ಕೊಡುವುದು ಇತ್ತೀಚಿನ ರ‍್ಯಾಂಕಿಂಗ್ ನೋಡಿ. ಆದ್ದರಿಂದ ಮೂರು ವಾರದ ಹಿಂದಿನ ಪಟ್ಟಿಯಲ್ಲಿ ಹನ್ನೆರಡನೆಯವನಾಗಿದ್ದವನು ಡ್ರಾ, ಅಂದರೆ ಯಾರಿಗೆ ಯಾರು ಎದುರು ಅನ್ನುವ ಪಟ್ಟಿ, ಬರುವ ಹೊತ್ತಿಗೆ ಐದನೇ ಶ್ರೇಯಾಂಕ ಪಡೆದಿರಬಹುದು. ಹಾಗೆ ಮೇಲೆ ಬಂದವನ ಹೆಸರಿಗೆ ನಾನು ತಪ್ಪದೆ ಗುರುತು ಹಾಕುತ್ತೇನೆ. ಆ ಮೂರು ವಾರದಲ್ಲಿ ಬಹಳ ಸಲ ಅವನು ಎಲ್ಲೋ ಪಂದ್ಯ ಗೆದ್ದಿರುತ್ತಾನೆ, ಅಲ್ವಾ?

ಈಗ 'ಯಾಕೆ ಬಂದ' ಅನ್ನುವ ಪ್ರಶ್ನೆಗೆ ಬರೋಣ.

ಈ ಮಟ್ಟದಲ್ಲಿ ಆಟಗಾರರನ್ನು ಓಡಿಸುವುದು ಗ್ರ್ಯಾನ್ ಸ್ಲಾಮ್‌ನ ಬಾಗಿಲು. ಗ್ರ್ಯಾನ್ ಸ್ಲಾಮ್ ಸಿಂಗಲ್ಸ್‌ನಲ್ಲಿ 128 ಜನ. 104 ಮಂದಿ ರ‍್ಯಾಂಕಿಂಗ್ ಮೇಲೆ ನೇರ ಪ್ರವೇಶ, 16 ಮಂದಿ ಅರ್ಹತಾ ಸುತ್ತಿನಿಂದ, 8 ಮಂದಿ ವೈಲ್ಡ್ ಕಾರ್ಡ್. ಅರ್ಹತಾ ಸುತ್ತಿನಲ್ಲೂ 128 ಜನ ಆಡುತ್ತಾರೆ, ಅಲ್ಲಿಗೆ ಸಾಮಾನ್ಯವಾಗಿ 220, 240ರ ಆಸುಪಾಸಿನವರೆಗೆ ಜಾಗ ಸಿಗುತ್ತದೆ. ಅಂದರೆ ಎರಡು ಗೆರೆಗಳಿವೆ. ಒಂದು 100ರ ಹತ್ತಿರ, ಇನ್ನೊಂದು 230ರ ಹತ್ತಿರ. ಗೆರೆಯ ಒಳಗಿದ್ದರೆ ಗ್ರ್ಯಾನ್ ಸ್ಲಾಮ್‌ನಲ್ಲಿ ಆಡಿ, ಒಂದು ಪಂದ್ಯ ಸೋತರೂ ಆ ವರ್ಷದ ಓಡಾಟಕ್ಕೆ, ಕೋಚ್‌ಗೆ ದೊಡ್ಡ ಆಸರೆ ಆಗುವಷ್ಟು ದುಡ್ಡು ಸಿಗುತ್ತದೆ. ಹೊರಗಿದ್ದರೆ ಅದೇ ವಾರ ಎಲ್ಲೋ ಸಣ್ಣ ಟೂರ್ನಿ ಹುಡುಕಬೇಕು.

230ರ ಹತ್ತಿರ ಇರುವವನ ಇಡೀ ವರ್ಷದ ಪಾಯಿಂಟ್ ಸಾಮಾನ್ಯವಾಗಿ 200ರಿಂದ 300ರ ನಡುವೆ ಇರುತ್ತದೆ. ಹಾಗಿರುವಾಗ 100ರ ದರ್ಜೆಯ ಒಂದು ಟೂರ್ನಿ ಗೆದ್ದರೆ ಅವನ ಬದುಕೇ ಬದಲಾಗುತ್ತದೆ. ನೇರವಾಗಿ ಪ್ರಧಾನ ಸುತ್ತಿಗೆ ಬಂದವನು ಮೊದಲ ಪಂದ್ಯದಲ್ಲೇ ಸೋತರೆ ಸಿಗುವುದು ಸೊನ್ನೆ. ಗ್ರ್ಯಾನ್ ಸ್ಲಾಮ್ ಗಡುವು ಹತ್ತಿರ ಬಂದಾಗ ಪಟ್ಟಿಯಲ್ಲಿ ಈ ಗೆರೆಗಳ ಆಚೆ ಈಚೆ ನಿಂತವರನ್ನು ಹುಡುಕಿ. 95ನೆಯವನಿಗಿಂತ 112ನೆಯವನು, 190ನೆಯವನಿಗಿಂತ 245ನೆಯವನು ಆ ವಾರ ಜಾಸ್ತಿ ಹಟದಿಂದ ಆಡುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಹಟ ಇದ್ದ ಕೂಡಲೇ ಗೆಲ್ಲುತ್ತಾನೆ ಅಂತಲ್ಲ. ಕೆಲವರಿಗೆ ಅದೇ ಭಾರವಾಗಿ, 5-4ರಲ್ಲಿ ಸರ್ವ್ ಮಾಡುವಾಗ ಕೈ ಬಿಗಿಯಾಗುತ್ತದೆ. ಆದರೂ ಆ ಪಂದ್ಯ ನೋಡಲೇಬೇಕಾದ ಪಂದ್ಯ.

ಇದಕ್ಕೆ ಸೇರಿದ ಇನ್ನೊಂದು ಮಾತು. ರ‍್ಯಾಂಕಿಂಗ್ ಪಾಯಿಂಟ್‌ಗಳ ಆಯಸ್ಸು 52 ವಾರ. ಹೋದ ವರ್ಷ ಇದೇ ವಾರ ಗೆದ್ದವನ ಪಾಯಿಂಟ್ ಈಗ ಉದುರುತ್ತದೆ. ಹಾಲಿ ಚಾಂಪಿಯನ್ ಅಂತ ಪಟ್ಟಿಯಲ್ಲಿ ಕಂಡರೆ, ಅವನ ಮೇಲೆ ಎಷ್ಟು ಒತ್ತಡ ಇದೆ ಅಂತಲೂ ಲೆಕ್ಕ ಹಾಕಿ.

ಮೇಲಿನಿಂದ ಇಳಿದು ಬರುವವರ ಕಥೆ ಬೇರೆ. ದೊಡ್ಡ ಟೂರ್ನಿಯಲ್ಲಿ ಬೇಗ ಸೋತವನಿಗೆ ಪಂದ್ಯ ಬೇಕು, ಗೆದ್ದ ಅಭ್ಯಾಸ ಬೇಕು. ಒಳ್ಳೆ ಉದಾಹರಣೆ 2023ರ ಆಂಡಿ ಮರ್ರೆ. ಮ್ಯಾಡ್ರಿಡ್‌ನಲ್ಲಿ ಮೊದಲ ಸುತ್ತಿನಲ್ಲೇ ಸೋತ ಮೇಲೆ, ಒಂದು ಕಾಲದ ವಿಶ್ವದ ನಂಬರ್ 1 ಆಟಗಾರ ಫ್ರಾನ್ಸ್‌ನ ಎಕ್ಸ್-ಆನ್-ಪ್ರೊವಾನ್ಸ್ ಚಾಲೆಂಜರ್‌ಗೆ ಬಂದರು. ಫೈನಲ್‌ನಲ್ಲಿ ಎದುರು ಇದ್ದದ್ದು ಆಗ ಮೊದಲ 20ರೊಳಗಿದ್ದ ಟಾಮಿ ಪಾಲ್. ಮೊದಲ ಸೆಟ್ 2-6ರಿಂದ ಕಳೆದುಕೊಂಡು, ಮುಂದಿನ ಎರಡು ಸೆಟ್ 6-1, 6-2 ಅಂತ ಗೆದ್ದರು. ಆಗ ಅವರಿಗೆ 35 ವರ್ಷ. ಆದರೆ ಇಳಿದು ಬಂದವರೆಲ್ಲ ಹೀಗೆ ಮನಸ್ಸಿಟ್ಟು ಆಡುವುದಿಲ್ಲ. ಮುಂದಿನ ವಾರವೇ ದೊಡ್ಡ ಟೂರ್ನಿ ಇದ್ದರೆ, ಎರಡು ಪಂದ್ಯ ಆಡಿ ಮೈ ಸಡಿಲ ಮಾಡಿಕೊಂಡು ಹೊರಡುವವರೂ ಇದ್ದಾರೆ. ಅದಕ್ಕೇ ಮುಂದಿನ ವಾರದ ಕ್ಯಾಲೆಂಡರನ್ನೂ ಒಮ್ಮೆ ನೋಡಿ.

ಹೆಸರಿನ ಪಕ್ಕ 'ಪಿಆರ್' ಅಂತ ಇದ್ದರೆ ಅಲ್ಲಿ ಸ್ವಲ್ಪ ನಿಲ್ಲಿ. ಅದು ಪ್ರೊಟೆಕ್ಟೆಡ್ ರ‍್ಯಾಂಕಿಂಗ್. ಗಾಯದಿಂದ ಕನಿಷ್ಠ ಆರು ತಿಂಗಳು ಆಡದೇ ಇದ್ದವನು, ಗಾಯಕ್ಕೆ ಮೊದಲಿದ್ದ ಮಟ್ಟಕ್ಕೆ ಹತ್ತಿರದ ರ‍್ಯಾಂಕಿಂಗ್ ಬಳಸಿ ಕೆಲವು ಟೂರ್ನಿಗಳಿಗೆ ಬರಬಹುದು. ಗಾಯವಾದ ಮೊದಲ ಮೂರು ತಿಂಗಳ ಸರಾಸರಿ ತೆಗೆದು ಆ ಸಂಖ್ಯೆ ಕೊಡುತ್ತಾರೆ. ಇದು ಪ್ರವೇಶಕ್ಕೆ ಮಾತ್ರ, ಶ್ರೇಯಾಂಕಕ್ಕೆ ಲೆಕ್ಕವಿಲ್ಲ. ಹಾಗಾಗಿ ಒಂದು ಕಾಲಕ್ಕೆ 80ನೆಯವನಾಗಿದ್ದವನು ಶ್ರೇಯಾಂಕವಿಲ್ಲದೆ ಡ್ರಾದಲ್ಲಿ ಎಲ್ಲಿ ಬೇಕಾದರೂ ಬೀಳಬಹುದು. ಮೊದಲ ಸುತ್ತಿನಲ್ಲೇ ಅಗ್ರ ಶ್ರೇಯಾಂಕದವನಿಗೆ ಎದುರಾಗಲೂಬಹುದು.

ಅಂಥ ಒಬ್ಬನ ಪಂದ್ಯ ನನ್ನ ಕಣ್ಣಲ್ಲಿ ಇನ್ನೂ ಇದೆ. ಹಿಂದಿನ ಕೋರ್ಟ್, ನೋಡಲು ಇಪ್ಪತ್ತು ಜನ ಇರಲಿಲ್ಲ. ಮೊದಲ ಸೆಟ್ 6-2ರಿಂದ ಸಲೀಸಾಗಿ ಗೆದ್ದ. ಚೆಂಡು ಹೊಡೆಯುವ ಸದ್ದೇ ಬೇರೆ ಇತ್ತು. ಎದುರಿನವನ ಹೊಡೆತ 'ಟಪ್' ಅಂದರೆ ಇವನದು ತುಂಬಿದ ಸದ್ದು. ಎರಡನೇ ಸೆಟ್‌ನ ನಡುವೆ ಒಂದು ಸಣ್ಣ ವಿಷಯ ಕಂಡಿತು. ಬ್ಯಾಕ್‌ಹ್ಯಾಂಡ್ ಕಡೆ ದೂರ ಓಡಿದಾಗ ಹೊರಗಿನ ಕಾಲಿನ ಮೇಲೆ ಭಾರ ಬಿಡುತ್ತಿರಲಿಲ್ಲ. ಒಂದು ಚಿಕ್ಕ ಹೆಜ್ಜೆ ಜಾಸ್ತಿ ಇಟ್ಟು, ಒಂದೇ ಕೈಯಲ್ಲಿ ಸ್ಲೈಸ್ ಮಾಡುತ್ತಿದ್ದ. ಎರಡೇ ಗೇಮ್‌ನಲ್ಲಿ ಎದುರಾಳಿಗೂ ಅದು ಗೊತ್ತಾಯಿತು. ಆಮೇಲೆ ಪ್ರತಿ ರ‍್ಯಾಲಿಯಲ್ಲೂ ಚೆಂಡು ಅದೇ ಮೂಲೆಗೆ. ಮೂರನೇ ಸೆಟ್‌ನಲ್ಲಿ ಸೋತ. ಕೈಚಳಕ ಹೋಗಿರಲಿಲ್ಲ, ಕಾಲಿನ ಮೇಲೆ ನಂಬಿಕೆ ಇನ್ನೂ ಬಂದಿರಲಿಲ್ಲ. ಅಂದಿನಿಂದ ಪಿಆರ್ ಆಟಗಾರ ವಾಪಸ್ ಬಂದು ಎಷ್ಟು ಪಂದ್ಯ ಆಡಿದ್ದಾನೆ ಅಂತ ಎಣಿಸುತ್ತೇನೆ. ಮೊದಲ ಎರಡು ಮೂರು ಟೂರ್ನಿಗಳಲ್ಲಿ ಅವನ ಮೇಲೆ ಭರವಸೆ ಇಡುವುದಿಲ್ಲ. ಆರೇಳು ಟೂರ್ನಿ ಆಡಿ, ಮೂರು ಸೆಟ್‌ನ ಪಂದ್ಯಗಳನ್ನು ಗೆಲ್ಲಲು ಶುರು ಮಾಡಿದ್ದರೆ ಡ್ರಾದಲ್ಲಿ ಅವನಷ್ಟು ಅಪಾಯದ ಎದುರಾಳಿ ಇನ್ನೊಬ್ಬನಿಲ್ಲ.

ವೈಲ್ಡ್ ಕಾರ್ಡ್‌ಗಳಲ್ಲಿ ಬಹಳಷ್ಟು ಆತಿಥೇಯ ದೇಶದ ಆಟಗಾರರಿಗೆ ಹೋಗುತ್ತವೆ, ಬಹಳ ಮಂದಿ ಮೊದಲ ಸುತ್ತು ದಾಟುವುದಿಲ್ಲ. ಆದರೆ ವಯಸ್ಸು 17, 18 ಅಂತ ಇದ್ದರೆ ಸುಮ್ನೆ ಬಿಟ್ಟು ಮುಂದೆ ಹೋಗಬೇಡಿ. 2019ರಲ್ಲಿ ಇಟಲಿಯ ಬೆರ್ಗಾಮೊ ಚಾಲೆಂಜರ್‌ಗೆ 17ರ ಹುಡುಗನೊಬ್ಬನಿಗೆ ವೈಲ್ಡ್ ಕಾರ್ಡ್ ಕೊಟ್ಟರು. ರ‍್ಯಾಂಕಿಂಗ್ 546. ಟೂರ್ನಿಯನ್ನೇ ಗೆದ್ದ. ಆ ಹುಡುಗ, ಮುಂದೆ ವಿಶ್ವದ ನಂಬರ್ 1 ಆದ ಯಾನಿಕ್ ಸಿನ್ನರ್. ಆ ವಾರದ ಪಟ್ಟಿಯನ್ನು ಬರೀ ರ‍್ಯಾಂಕಿಂಗ್ ನೋಡಿ ಓದಿದ್ದರೆ ಅವರ ಹೆಸರು ಬಹಳ ಕೆಳಗೆ ಇರುತ್ತಿತ್ತು. ಅಮೆರಿಕದ ಕಾಲೇಜು ಟೆನಿಸ್‌ನಿಂದ ಬರುವವರನ್ನೂ ಹೀಗೇ ನೋಡಬೇಕು. ಕಾಲೇಜು ಪಂದ್ಯಗಳಿಗೆ ಎಟಿಪಿ ಪಾಯಿಂಟ್ ಇಲ್ಲ, ಹಾಗಾಗಿ ರ‍್ಯಾಂಕಿಂಗ್ ಅವರ ಆಟಕ್ಕಿಂತ ಹಿಂದೆ ಇರುತ್ತದೆ. ಬೆನ್ ಶೆಲ್ಟನ್ 2022ರಲ್ಲಿ ಕಾಲೇಜು ಚಾಂಪಿಯನ್ ಆಗಿ, ಅದೇ ವರ್ಷ ನವೆಂಬರ್‌ನಲ್ಲಿ ಸತತ ಮೂರು ಚಾಲೆಂಜರ್ ಗೆದ್ದರು. ಎರಡು ತಿಂಗಳಲ್ಲಿ ಆಸ್ಟ್ರೇಲಿಯನ್ ಓಪನ್ ಕ್ವಾರ್ಟರ್ ಫೈನಲ್‌ನಲ್ಲಿದ್ದರು.

ಹಿರಿಯರನ್ನೂ ಮರೆಯಬೇಡಿ. ತೈವಾನ್‌ನ ಲು ಯೆನ್-ಸುನ್ 29 ಚಾಲೆಂಜರ್ ಪ್ರಶಸ್ತಿ ಗೆದ್ದವರು. ಅದೇ ಮನುಷ್ಯ 2010ರಲ್ಲಿ ವಿಂಬಲ್ಡನ್‌ನಲ್ಲಿ ಹಿಂದೆ ವಿಶ್ವದ ನಂಬರ್ 1 ಆಗಿದ್ದ ಆಂಡಿ ರಾಡಿಕ್ ಅವರನ್ನು ಸೋಲಿಸಿ ಕ್ವಾರ್ಟರ್ ಫೈನಲ್‌ಗೆ ಹೋಗಿದ್ದರು. ಚಾಲೆಂಜರ್ ಆಡುವವರು ಅಂದರೆ ಮೇಲೆ ಹೋಗಲಾರದವರು ಅಂತ ಯಾರಾದರೂ ಹೇಳಿದರೆ ನನಗೆ ನಿಜಕ್ಕೂ ಬೇಸರವಾಗುತ್ತದೆ. ಹೀಗೆ ಹತ್ತು, ಹನ್ನೆರಡು ವರ್ಷ ಇಲ್ಲಿ ಉಳಿದವನಿಗೆ ಗಾಳಿ ಬೀಸುವಾಗ ಹೇಗೆ ಸರ್ವ್ ಮಾಡಬೇಕು, 20 ವರ್ಷದ ಹುಡುಗನ ತಾಳ್ಮೆ ಯಾವಾಗ ಮುರಿಯುತ್ತದೆ ಅನ್ನುವುದೆಲ್ಲ ಗೊತ್ತಿರುತ್ತದೆ.

ಇನ್ನು ಅಂಕಣ. ಕ್ಲೇ (ಮಣ್ಣು), ಹಾರ್ಡ್ (ಗಟ್ಟಿ ನೆಲ), ಒಳಾಂಗಣ ಅಂತ ಬೇರೆ ಬೇರೆ ಫಲಿತಾಂಶ ನೋಡದೆ ಯಾರ ಬಗ್ಗೆಯೂ ಮಾತಾಡಬೇಡಿ. ಪಾಯಿಂಟ್‌ಗಳೆಲ್ಲ ಕ್ಲೇ ಮೇಲೆ ಬಂದಿರುವ ದಕ್ಷಿಣ ಅಮೆರಿಕದ ಆಟಗಾರ ಒಳಾಂಗಣದ ಹಾರ್ಡ್ ಕೋರ್ಟ್‌ಗೆ ಮೂರನೇ ಶ್ರೇಯಾಂಕದವನಾಗಿ ಬಂದಿದ್ದರೆ, ಆ ಶ್ರೇಯಾಂಕ ಕಾಗದದ ಮೇಲಷ್ಟೇ. ಊರಿನ ಎತ್ತರವೂ ಮುಖ್ಯ. ಕೊಲಂಬಿಯಾದ ಬೊಗೊಟಾ ಸಮುದ್ರಮಟ್ಟದಿಂದ ಸುಮಾರು 2,600 ಮೀಟರ್ ಮೇಲಿದೆ. ಅಲ್ಲಿ ಗಾಳಿ ತೆಳು, ಚೆಂಡು ಹಾರಿಹೋಗುತ್ತದೆ. ದೊಡ್ಡ ಸರ್ವ್ ಇರುವವನಿಗೆ ಹಬ್ಬ, ಟಾಪ್‌ಸ್ಪಿನ್ ಹಾಕಿ ಕಾಯುವವನಿಗೆ ಕಷ್ಟ.

ಪರಸ್ಪರ ಗೆಲುವು ಸೋಲಿನ ಲೆಕ್ಕಕ್ಕೆ ನಾನು ಇಲ್ಲಿ ಹೆಚ್ಚು ಬೆಲೆ ಕೊಡುವುದಿಲ್ಲ. ಬಹಳ ಸಲ ಇಬ್ಬರೂ ಮೊದಲ ಸಲ ಎದುರಾಗಿರುತ್ತಾರೆ. ಅದಕ್ಕಿಂತ ಕಳೆದ ಹತ್ತು ಪಂದ್ಯ ತೆಗೆದು ನೋಡಿ. ಯಾರ ಕೈಯಲ್ಲಿ ಸೋತ, ಎಷ್ಟು ಅಂತರದಲ್ಲಿ ಸೋತ, ಪಂದ್ಯ ಅರ್ಧಕ್ಕೆ ಬಿಟ್ಟಿದ್ದಾನಾ ಅಂತ. ಎರಡು ಟೈಬ್ರೇಕರ್‌ನಲ್ಲಿ ಸೋತವನೂ 2-6, 1-6ರಲ್ಲಿ ಸೋತವನೂ ಪಟ್ಟಿಯಲ್ಲಿ ಒಂದೇ ರೀತಿ ಕಾಣುತ್ತಾರೆ. ಹಿಂದಿನ ವಾರ ಅರ್ಧಕ್ಕೆ ಬಿಟ್ಟು ಹೊರಟವನ ಹೆಸರು ಈ ವಾರ ಮತ್ತೆ ಇದ್ದರೆ, ನಾನಂತೂ ಅವನ ಮೊದಲ ಪಂದ್ಯ ಮುಗಿಯುವವರೆಗೆ ಏನೂ ಹೇಳುವುದಿಲ್ಲ.

ಡ್ರಾ ಬಂದ ಮೇಲೆ ಅದನ್ನು ನಾಲ್ಕು ಭಾಗ ಮಾಡಿ ನೋಡಿ. 32 ಜನರ ಡ್ರಾದಲ್ಲಿ ಯಾರಿಗೂ ಬೈ ಇಲ್ಲ, ಅಗ್ರ ಶ್ರೇಯಾಂಕದವನೂ ಮೊದಲ ಸುತ್ತಿನಿಂದಲೇ ಆಡಬೇಕು. ಅವನ ಎದುರು 'ಕ್ವಾಲಿಫೈಯರ್' ಅಂತ ಖಾಲಿ ಜಾಗ ಇದ್ದರೆ ಸುಲಭ ಅಂದುಕೊಳ್ಳಬೇಡಿ. ಅಲ್ಲಿಗೆ ಬರುವವನು ಅದೇ ಕೋರ್ಟ್‌ಗಳಲ್ಲಿ, ಅದೇ ಚೆಂಡುಗಳಲ್ಲಿ ಎರಡು ಪಂದ್ಯ ಗೆದ್ದಿರುತ್ತಾನೆ. ಶ್ರೇಯಾಂಕದವನು ಇನ್ನೂ ಒಂದು ಪಾಯಿಂಟ್ ಆಡಿರುವುದಿಲ್ಲ.

ನಿಮ್ಮ ಪಟ್ಟಿಯಲ್ಲಿ ಎಲ್ಲರನ್ನೂ ಓದಲು ಹೋಗಬೇಡಿ, ಸಾಕಾಗಿಬಿಡುತ್ತದೆ. ಸದ್ಯಕ್ಕೆ ಮೂವರನ್ನು ಆರಿಸಿ: ಗ್ರ್ಯಾನ್ ಸ್ಲಾಮ್ ಗೆರೆಯ ಮೇಲೆ ನಿಂತ ಒಬ್ಬ, ಗಾಯದಿಂದ ವಾಪಸ್ ಬಂದ ಒಬ್ಬ, 20 ದಾಟದ ಒಬ್ಬ. ಚಾಲೆಂಜರ್ ಪಂದ್ಯಗಳನ್ನು ಎಟಿಪಿ ವೆಬ್‌ಸೈಟ್‌ನ ಚಾಲೆಂಜರ್ ಟಿವಿಯಲ್ಲಿ ನೇರವಾಗಿ ಪುಕ್ಕಟೆ ನೋಡಬಹುದು. ಆ ಮೂವರ ಮೊದಲ ಪಂದ್ಯ ಪೂರ್ತಿ ನೋಡಿ, ಸ್ಕೋರ್ ಮಾತ್ರ ನೋಡಿ ಬಿಡಬೇಡಿ. ಡ್ರಾ ಬಂದಾಗ ಆ ಮೂರು ಹೆಸರು ನನಗೂ ಹೇಳಿ, ನಾನೂ ಅವರ ಪಂದ್ಯ ನೋಡುತ್ತೇನೆ.