ಬಾಂಬಿಗೂ ನಮ್ಮ ಗುಡ್ಡಕ್ಕೂ ಏನು ಸಂಬಂಧ?

ಓದುಗರ ಪತ್ರ: ಆಗಸ್ಟ್ ಸಂಚಿಕೆಯಲ್ಲಿ ಹಿರೋಷಿಮಾಕ್ಕೆ ಎಂಟು ಪುಟ ಕೊಟ್ಟಿದ್ದೀರಿ. ನಮ್ಮಲ್ಲಿ ಗುಡ್ಡ ಕುಸಿಯುತ್ತಿದೆ, ಅಕಾಲ ಮಳೆಗೆ ಕಾಫಿ ಹಣ್ಣು ಉದುರುತ್ತಿದೆ, ತೋಟದ ಲೈನ್ ಮನೆಗಳಲ್ಲಿರುವ ಕಾರ್ಮಿಕರಿಗೆ ಸ್ವಂತ ಸೂರಿಲ್ಲ. ಅದನ್ನೆಲ್ಲ ಬಿಟ್ಟು ಬಾಂಬಿನ ಮಾತೇಕೆ? ನಾನು 1999ರಲ್ಲಿ ಕಾರ್ಗಿಲ್‌ನಲ್ಲಿದ್ದವನು. ದೇಶದ ಕೈಯಲ್ಲಿ ಬಾಂಬ್ ಇರುವುದರಿಂದಲೇ ನಾವು ನೆಮ್ಮದಿಯಾಗಿ ಮಲಗುತ್ತಿದ್ದೇವೆ. ಕೋವಿಗೆ ಪೂಜೆ ಸಲ್ಲಿಸುವ ನಾಡಿನಲ್ಲಿ ಕುಳಿತು ನಿಶ್ಶಸ್ತ್ರೀಕರಣದ ಪಾಠ ಹೇಳಬೇಡಿ.
– ಒಬ್ಬ ನಿವೃತ್ತ ಸುಬೇದಾರ, ವಿರಾಜಪೇಟೆ ತಾಲ್ಲೂಕು

ಸಂಪಾದಕರ ಉತ್ತರ:

ಸುಬೇದಾರರೇ,

ನಿಮ್ಮ ಪತ್ರದ ಕೊನೆಯ ಮಾತೇ ನನ್ನನ್ನು ಹೆಚ್ಚು ತಟ್ಟಿತು. ಅಲ್ಲಿಂದಲೇ ಆರಂಭಿಸುತ್ತೇನೆ.

ನಮ್ಮ ಕೊಡಗಿನ ಆಯುಧ ಹಬ್ಬವಾದ ಕೈಲ್ ಪೊಳ್ದ್ ದಿನ ನಾವು ಕೋವಿಗೆ ತೋಕ್ ಪೂ, ಅಂದರೆ ಕೋವಿ ಹೂ, ಮುಡಿಸುತ್ತೇವೆ. ಯಾವಾಗ? ನಾಟಿ ಮುಗಿದ ಮೇಲೆ. ಗದ್ದೆಯ ಕೆಲಸ ನಡೆಯುವಷ್ಟು ದಿನ ಆಯುಧಗಳು ಮನೆಯ ದೇವರ ಕೋಣೆಯಾದ ಕನ್ನಿಕೋಂಬರೆಯಲ್ಲಿರುತ್ತವೆ. ಪೈರು ನಿಂತ ಮೇಲೆ ಹಂದಿಯಿಂದ ಅದನ್ನು ಕಾಯಲು ಹೊರಗೆ ಬರುತ್ತವೆ. ನಮ್ಮ ಹಿರಿಯರು ಕೋವಿಗೆ ಕೊಟ್ಟ ಗೌರವ ಗದ್ದೆ ಕಾಯುವ ಸಾಧನಕ್ಕೆ ಕೊಟ್ಟ ಗೌರವ. ಗದ್ದೆಯನ್ನೇ ಇಲ್ಲವಾಗಿಸುವ ಆಯುಧಕ್ಕೆ ಆ ಹೂವನ್ನು ಹೇಗೆ ಮುಡಿಸಲಿ?

ಇದು ಅಲಂಕಾರದ ಮಾತಲ್ಲ. ಭಾರತ ಮತ್ತು ಪಾಕಿಸ್ತಾನದ ನಡುವೆ ಹಿರೋಷಿಮಾ ಗಾತ್ರದ ನೂರು ಬಾಂಬ್‌ಗಳು ಸಿಡಿದರೆ ಏನಾಗುತ್ತದೆಂದು ಹವಾಮಾನ ವಿಜ್ಞಾನಿಗಳು 2007ರಲ್ಲಿ ಲೆಕ್ಕ ಹಾಕಿದರು. ಉರಿಯುವ ನಗರಗಳಿಂದ ಸುಮಾರು 50 ಲಕ್ಷ ಟನ್ ಮಸಿ ಏಳುತ್ತದೆ. ಮೋಡದ ಕೆಳಗೇ ಉಳಿದಿದ್ದರೆ ಅದನ್ನು ಮಳೆ ತೊಳೆಯುತ್ತಿತ್ತು. ಅದು ಮೋಡವನ್ನೂ ದಾಟಿ, ಮಳೆಯೇ ಇಲ್ಲದ ಎತ್ತರಕ್ಕೆ ಹೋಗಿ ವರ್ಷಗಟ್ಟಲೆ ಬಿಸಿಲನ್ನು ತಡೆದು ನಿಲ್ಲುತ್ತದೆ. ಭೂಮಿಯ ಸರಾಸರಿ ಉಷ್ಣತೆ ಒಂದು ಡಿಗ್ರಿಗಿಂತ ಹೆಚ್ಚು ಇಳಿಯುತ್ತದೆ, ಮುಂಗಾರು ಸೊರಗುತ್ತದೆ. ನಮ್ಮೆರಡು ದೇಶಗಳ ನಡುವಿನ ಯುದ್ಧವೊಂದರಿಂದಲೇ ಜಗತ್ತಿನಲ್ಲಿ 200 ಕೋಟಿಗೂ ಹೆಚ್ಚು ಜನ ಹಸಿವಿನಿಂದ ಸಾಯಬಹುದೆಂದು 2022ರ ಇನ್ನೊಂದು ಅಧ್ಯಯನ ಹೇಳಿತು. ಕಾಫಿ ಹೂ ಅರಳಿಸುವ ಹೂಮಳೆ ಹತ್ತು ದಿನ ತಡವಾದರೆ ಸ್ಪ್ರಿಂಕ್ಲರ್ ಹೊತ್ತು ಹೊಳೆಗೆ ಓಡುವವರು ನಾವು. ಮುಂಗಾರೇ ಕೈಕೊಟ್ಟ ವರ್ಷದಲ್ಲಿ ಯಾವ ಹೊಳೆಗೆ ಓಡುವುದು? ತಲಕಾವೇರಿಯಿಂದ ಕೆಳಗೆ ಮಂಡ್ಯ, ಬೆಂಗಳೂರು, ತಂಜಾವೂರಿನವರೆಗೆ ಆ ನೀರನ್ನೇ ನಂಬಿದವರ ಗತಿಯೇನು?

ಇನ್ನು ಗುಡ್ಡದ ಮಾತು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಮಣ್ಣು ಜಾರಿದಾಗ ನಾನು ಮಡಿಕೇರಿಯ ಪರಿಹಾರ ಕೇಂದ್ರವೊಂದಕ್ಕೆ ಹೋಗಿದ್ದೆ. ಒಬ್ಬ ಅಜ್ಜಿ ರೇಷನ್ ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸೆರಗಿನ ಗಂಟಿಗೆ ಕಟ್ಟಿಕೊಂಡಿದ್ದರು. ಬಹಳ ವರ್ಷ ಕಾಫಿ ಕುಯ್ದ ತೋಟ ಕೊಚ್ಚಿಹೋಗಿತ್ತು, ಅದು ಅವರದಲ್ಲ. ವಾಸವಿದ್ದ ಲೈನ್ ಮನೆ ಹೋಗಿತ್ತು, ಅದೂ ಅವರದಲ್ಲ. ನಷ್ಟ ಎಂಬ ಕಾಲಂನಲ್ಲಿ ತಾನು ಏನು ಬರೆಸಬೇಕು ಎಂದು ನನ್ನನ್ನು ಕೇಳಿದರು. ಜಮೀನಿನ ಆರ್‌ಟಿಸಿ (ಪಹಣಿ) ಇದ್ದವರಿಗೆ ಕಳೆದುಕೊಂಡದ್ದನ್ನು ತೋರಿಸಲು ಒಂದು ಕಾಗದವಾದರೂ ಇತ್ತು. ಅವರಿಗೆ ನಾನು ಉತ್ತರ ಕೊಡಲಾಗಲಿಲ್ಲ. ಆಗಸ್ಟ್ ಸಂಚಿಕೆಯಲ್ಲಿ ಅಂಥವರ ಬಗ್ಗೆ ಒಂದು ಸಾಲೂ ಇರಲಿಲ್ಲ ಎಂಬ ನಿಮ್ಮ ಆಕ್ಷೇಪ ಸರಿ. ಅದು ನಮ್ಮ ತಪ್ಪು.

ಆದರೆ ಆ ಅಜ್ಜಿಯ ಪ್ರಶ್ನೆ ಪೆಸಿಫಿಕ್ ಸಾಗರದ ನಡುವೆಯೂ ಇದೆ. 1946ರಲ್ಲಿ ಅಮೆರಿಕವು ಬಾಂಬ್ ಪರೀಕ್ಷೆಗಾಗಿ ಮಾರ್ಷಲ್ ದ್ವೀಪಗಳ ಬಿಕಿನಿಯಿಂದ 167 ಜನರನ್ನು ಎಬ್ಬಿಸಿತು. ಮನುಕುಲದ ಒಳಿತಿಗಾಗಿ ಎಂದು ಅವರಿಗೆ ಹೇಳಲಾಗಿತ್ತು. 1958ರವರೆಗೆ ಆ ದ್ವೀಪಗಳಲ್ಲಿ 67 ಪರೀಕ್ಷೆಗಳು ನಡೆದವು. 1954ರ ಮಾರ್ಚ್ 1ರಂದು ಸಿಡಿದದ್ದು ಹಿರೋಷಿಮಾದ ಬಾಂಬಿಗಿಂತ ಸುಮಾರು ಸಾವಿರ ಪಟ್ಟು ದೊಡ್ಡದು. ಅದರ ಬಿಳಿ ಬೂದಿ ರೊಂಗೆಲಾಪ್ ದ್ವೀಪದ ಮಕ್ಕಳ ತಲೆಯ ಮೇಲೆ ಉದುರಿತು. ಮುಂದೆ 1970ರ ದಶಕದ ಕೊನೆಯಲ್ಲಿ ವಿಕಿರಣ ತುಂಬಿದ ಮಣ್ಣನ್ನು ರುನಿಟ್ ಎಂಬ ದ್ವೀಪದ ಹೊಂಡವೊಂದಕ್ಕೆ ಸುರಿದು, ಮೇಲೆ ಕಾಂಕ್ರೀಟ್ ಗುಮ್ಮಟ ಮುಚ್ಚಿದರು. ಗುಮ್ಮಟ ಈಗಲೂ ಕಡಲಂಚಿನಲ್ಲಿದೆ. ಅದರ ಸುತ್ತ ಸಮುದ್ರ ಏರುತ್ತಿದೆ. ಆ ಜನ ಬಾಂಬ್ ಮಾಡಿದವರಲ್ಲ, ಜಗತ್ತನ್ನು ಬಿಸಿ ಮಾಡುವಷ್ಟು ಕಲ್ಲಿದ್ದಲು ಸುಟ್ಟವರೂ ಅಲ್ಲ. ಎರಡರ ಸಾಲವನ್ನೂ ಅವರೇ ತೀರಿಸುತ್ತಿದ್ದಾರೆ. ಬಾಂಬ್, ಹವಾಮಾನ, ಅಸಮಾನತೆ ಮೂರನ್ನೂ ಒಂದೇ ಉಸಿರಿನಲ್ಲಿ ಏಕೆ ಹೇಳುತ್ತೀರಿ ಎಂದು ಕೇಳಿದವರಿಗೆ ನಾನು ಆ ಗುಮ್ಮಟವನ್ನು ತೋರಿಸುತ್ತೇನೆ.

ಹಣದ ಲೆಕ್ಕವನ್ನೂ ನೋಡಿ. ಬಡ ದೇಶಗಳು ಹವಾಮಾನದ ಹೊಡೆತ ತಡೆದುಕೊಳ್ಳಲು 2020ರ ಹೊತ್ತಿಗೆ ವರ್ಷಕ್ಕೆ 10,000 ಕೋಟಿ ಡಾಲರ್ ಒದಗಿಸುತ್ತೇವೆಂದು ಶ್ರೀಮಂತ ದೇಶಗಳು 2009ರಲ್ಲಿ ಕೋಪನ್‌ಹೇಗನ್‌ನಲ್ಲಿ ಮಾತು ಕೊಟ್ಟವು. ಆ ಮೊತ್ತ ಕೂಡಿದ್ದು ಎರಡು ವರ್ಷ ತಡವಾಗಿ, 2022ರಲ್ಲಿ. ಅದರಲ್ಲೂ ಬಹುಪಾಲು ಸಾಲ. ಅಣ್ವಸ್ತ್ರವುಳ್ಳ ಒಂಬತ್ತು ದೇಶಗಳು 2024ರಲ್ಲಿ ತಮ್ಮ ಅಣ್ವಸ್ತ್ರಗಳ ಮೇಲೆ ಸುರಿದ ಹಣವೂ, ಅಣ್ವಸ್ತ್ರ ನಿಷೇಧಕ್ಕಾಗಿ ದುಡಿಯುವ ಅಂತರರಾಷ್ಟ್ರೀಯ ಸಂಘಟನೆ ಐಕ್ಯಾನ್‌ನ ಅಂದಾಜಿನಂತೆ, ಸುಮಾರು 10,000 ಕೋಟಿ ಡಾಲರ್. ಅದಕ್ಕೆ ಯಾರೂ ಹನ್ನೊಂದು ವರ್ಷದ ಗಡುವು ಕೇಳಲಿಲ್ಲ.

ಬಾಂಬ್ ಇರುವುದರಿಂದಲೇ ನೆಮ್ಮದಿ ಎಂದಿರಿ. ನಿಮ್ಮ ಸೇವೆಗೆ ತಲೆಬಾಗಿಯೇ ಕೇಳುತ್ತೇನೆ: 1998ರ ಮೇ ತಿಂಗಳಲ್ಲಿ ಪೋಖ್ರಾನ್‌ನಲ್ಲಿ ನಮ್ಮ ಅಣುಪರೀಕ್ಷೆ, ಅದೇ ತಿಂಗಳ ಕೊನೆಗೆ ಚಾಗೈಯಲ್ಲಿ ಪಾಕಿಸ್ತಾನದ್ದು. ಎರಡೂ ಕಡೆ ಬಾಂಬ್ ಇತ್ತು. ಮರುವರ್ಷದ ಮೇ ತಿಂಗಳಲ್ಲೇ ಕಾರ್ಗಿಲ್ ನಡೆಯಲಿಲ್ಲವೇ? ನಮ್ಮ 527 ಯೋಧರು ಮರಳಲಿಲ್ಲ. ಆ ಶಿಖರಗಳನ್ನು ಗೆದ್ದುಕೊಟ್ಟದ್ದು ನಿಮ್ಮಂಥವರ ಕೈಕಾಲು. 2022ರ ಮಾರ್ಚ್ 9ರಂದು ನಮ್ಮದೇ ಕ್ಷಿಪಣಿಯೊಂದು ಆಕಸ್ಮಿಕವಾಗಿ ಹಾರಿ ಪಾಕಿಸ್ತಾನದೊಳಗೆ ಬಿತ್ತು. ಅಂದು ಯಾರೂ ಸಾಯಲಿಲ್ಲ. ಆ ದಿನವನ್ನು ನೆನೆದರೆ ನನಗಂತೂ ನಿದ್ದೆ ಬರುವುದಿಲ್ಲ.

ಭಾರತವೊಂದೇ ಆಯುಧ ಕೆಳಗಿಡಲಿ ಎಂದು ನಾನು ಬರೆದಿಲ್ಲ, ಬರೆಯುವುದೂ ಇಲ್ಲ. ಎಲ್ಲರೂ ಸೇರಿ ಇಳಿಸಬೇಕು ಎಂಬುದು ನಮ್ಮ ದೇಶದ್ದೇ ಹಳೆಯ ಮಾತು. ಮಾರ್ಷಲ್ ದ್ವೀಪದಲ್ಲಿ 1954ರ ಆ ಸ್ಫೋಟವಾದ ತಿಂಗಳೊಪ್ಪತ್ತಿನಲ್ಲೇ ನೆಹರೂ ಲೋಕಸಭೆಯಲ್ಲಿ ನಿಂತು ಪರೀಕ್ಷೆಗಳನ್ನು ನಿಲ್ಲಿಸಿ ಎಂದು ಕೇಳಿದ್ದರು. 1988ರಲ್ಲಿ ರಾಜೀವ್ ಗಾಂಧಿ ಹಂತಹಂತವಾಗಿ ಎಲ್ಲರ ಅಣ್ವಸ್ತ್ರಗಳನ್ನೂ ಕಳಚುವ ಯೋಜನೆಯನ್ನು ವಿಶ್ವಸಂಸ್ಥೆಯ ಮುಂದಿಟ್ಟರು. 2017ರಲ್ಲಿ 122 ದೇಶಗಳು ಒಪ್ಪಿ ಅಣ್ವಸ್ತ್ರ ನಿಷೇಧ ಒಪ್ಪಂದ ಮಾಡಿದಾಗ ಮಾತ್ರ ನಾವು ಹೊರಗುಳಿದೆವು. ಅದು ನನಗೆ ನೋವಿನ ಸಂಗತಿ. ಸೈನಿಕರ ನಾಡಿಗೆ ಈ ಮಾತು ಒಪ್ಪುವುದಿಲ್ಲ ಎನ್ನಬೇಡಿ. ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು 1965ರಲ್ಲಿ ಕೊನೆಯುಸಿರೆಳೆದದ್ದು ಸೈಪ್ರಸ್‌ನಲ್ಲಿ, ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ನಾಯಕರಾಗಿ.

ನಿಮ್ಮಿಂದ ಒಂದು ಸಹಾಯ ಬೇಕು. ಲೈನ್ ಮನೆಗಳ ಬಗ್ಗೆ ಮುಂದಿನ ಸಂಚಿಕೆಗೆ ವರದಿ ಸಿದ್ಧವಾಗುತ್ತಿದೆ. ಅದರ ಪಕ್ಕದಲ್ಲೇ ನಾಲ್ಕು ಪುಟಗಳನ್ನು ನಿಮಗಾಗಿ ಖಾಲಿ ಬಿಡುತ್ತೇವೆ. 1999ರ ಆ ಬೇಸಿಗೆಯಲ್ಲಿ ನೀವು ಕಂಡದ್ದನ್ನು ಬರೆಯಿರಿ. ನನ್ನ ಮಾತನ್ನು ಅಲ್ಲಗಳೆದರೂ ಒಂದಕ್ಷರ ತಿದ್ದದೆ ಅಚ್ಚು ಹಾಕುತ್ತೇನೆ. ಕೈಬರಹದಲ್ಲಿದ್ದರೂ ಸಾಕು, ತಿಂಗಳ 20ರೊಳಗೆ ತಲುಪಲಿ.