ಉದುರಿಸಿದರೆ ಸಾಲದು, ಬೇರಿಗೆ ತಾಗಬೇಕು

ಪ್ರಶ್ನೆ: ಅಕ್ಕಾ, ಹೊಸನಗರದ ಹತ್ತಿರ ಸಣ್ಣ ನರ್ಸರಿ ಮಾಡಿದ್ದೇನೆ. ಬೀಟೆ, ಹಲಸು ಹೆಚ್ಚು. ಕಳೆದ ವರ್ಷ ಬೇರಿಗೆ ನೆರವಾಗುವ ವ್ಯಾಮ್, ಕೊಳೆ ತಡೆಯುವ ಟ್ರೈಕೋಡರ್ಮಾ ಎಂಬ ಜೀವಾಣು ಗೊಬ್ಬರ ತಂದು ಸಸಿಗಳ ಬುಡಕ್ಕೆ ಉದುರಿಸಿದೆ. ರಂಜಕದ ರಾಸಾಯನಿಕ ಗೊಬ್ಬರ ಡಿಎಪಿಯನ್ನೂ ಕೊಟ್ಟೆ. ಅಡಿಕೆ ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಸುವಾಗ ಸಸಿಗಳಿಗೂ ಹೊಡೆಸಿದೆ. ಆದರೂ ಬೆಳವಣಿಗೆ ಇಲ್ಲ, ಮಳೆಯಲ್ಲಿ ಬುಡ ಕೊಳೆತವು. ಈ ಜೀವಾಣುಗಳು ನಿಜಕ್ಕೂ ಕೆಲಸ ಮಾಡುತ್ತವಾ?

ಉತ್ತರ: ಮಾಡುತ್ತವೆ. ಆದರೆ ಅವು ಬದುಕಿರಬೇಕು ಅಲ್ವಾ? ಬೋರ್ಡೋದಲ್ಲಿ ಶಿಲೀಂಧ್ರ ಕೊಲ್ಲುವ ಮೈಲುತುತ್ತ ಇದೆ. ಅಡಿಕೆ ಕೊಳೆಗೆ ಅದು ಬೇಕೇ ಬೇಕು. ಆದರೆ ಟ್ರೈಕೋಡರ್ಮಾ ಕೂಡ ಒಂದು ಶಿಲೀಂಧ್ರ. ಮೈಲುತುತ್ತಕ್ಕೆ ನಮ್ಮವರು, ಪರರು ಎಂಬ ಭೇದವಿಲ್ಲ.

ಡಿಎಪಿಯದ್ದು ಬೇರೆ ಕತೆ. ನಮ್ಮ ಜಂಬಿಟ್ಟಿಗೆ ಮಣ್ಣಿನಲ್ಲಿ ರಂಜಕವು ಕಬ್ಬಿಣ, ಅಲ್ಯೂಮಿನಿಯಂ ಜೊತೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ವ್ಯಾಮ್ ಶಿಲೀಂಧ್ರ ಬೇರಿನೊಳಗೆ ಹೊಕ್ಕು, ಕೂದಲಿಗಿಂತ ತೆಳುವಾದ ಎಳೆಗಳನ್ನು ಮಣ್ಣಿಗೆ ಚಾಚುತ್ತದೆ. ಬೇರು ಮುಟ್ಟದ ಕಡೆಯಿಂದ ರಂಜಕ ತರುತ್ತದೆ. ಅದಕ್ಕೆ ಗಿಡ ಸಕ್ಕರೆ ಕೊಡುತ್ತದೆ. ಡಿಎಪಿ ಜಾಸ್ತಿಯಾದರೆ ಗಿಡಕ್ಕೆ ಈ ಕೊಡುಕೊಳ್ಳುವಿಕೆಯೇ ಬೇಡವಾಗುತ್ತದೆ.

ನನಗೂ ಇದು ಪೆಟ್ಟು ತಿಂದ ಮೇಲೆಯೇ ಗೊತ್ತಾಗಿದ್ದು. ತೀರ್ಥಹಳ್ಳಿ ಕಡೆ ನರ್ಸರಿ ಶುರು ಮಾಡಿದ ಮೊದಲ ವರ್ಷ, ಧರೆ ಕಡಿದ ಕೆಂಪು ಮಣ್ಣಿಗೆ ಮರಳು ಸೇರಿಸಿ ಪಾಕೀಟು ತುಂಬಿಸಿದ್ದೆ. ಬೀಟೆ ಸಸಿಗಳು ಗೇಣುದ್ದಕ್ಕೇ ನಿಂತುಬಿಟ್ಟವು. ಎಲೆಯೆಲ್ಲ ಹಳದಿ. ತೋಟಕ್ಕೆ ಸೊಪ್ಪು ತರುವ ನಮ್ಮ ಸೊಪ್ಪಿನಬೆಟ್ಟದಲ್ಲಿ ದೊಡ್ಡ ಬೀಟೆಯ ಬುಡದಲ್ಲಿ ತಾನಾಗಿ ಹುಟ್ಟಿದ್ದವು ಮಾತ್ರ ಕಡು ಹಸಿರು. ಒಂದನ್ನು ಮೆಲ್ಲಗೆ ಎಬ್ಬಿಸಿ ಬೇರು ತೊಳೆದೆ. ಸಣ್ಣ ಸಣ್ಣ ಗಂಟುಗಳು. ಉಗುರಿನಲ್ಲಿ ಒಡೆದರೆ ಒಳಗೆ ನಸುಗೆಂಪು. ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡಿಯುತ್ತಿದೆ ಎಂಬುದಕ್ಕೆ ಅದೇ ಗುರುತು. ನನ್ನ ಪಾಕೀಟಿನ ಸಸಿಗಳ ಬೇರು ಬೋಳು. ಆ ಬೋಳು ಬೇರು ಕೈಯಲ್ಲಿ ಹಿಡಿದು ತುಂಬ ಹೊತ್ತು ಕೂತಿದ್ದೆ. ಮಾರನೇ ವರ್ಷದಿಂದ ಬೀಟೆ ಪಾಕೀಟಿಗೆ, ರೋಗವಿಲ್ಲದ ಬೀಟೆ ಮರದ ಬುಡದ ಮಣ್ಣು ಒಂದು ಹಿಡಿ ಬೆರೆಸುತ್ತೇನೆ. ನಮ್ಮ ಬೆಟ್ಟದ್ದೇ, ಕಾಡಿನದಲ್ಲ. ಹಲಸಿಗೆ ರೈಜೋಬಿಯಂ ಬೇಡ, ಅದು ಬೀಟೆಯ ಹಾಗೆ ಬೇಳೆಕಾಳುಗಳ ಕುಟುಂಬದ್ದಲ್ಲ. ಅದಕ್ಕೆ ವ್ಯಾಮ್ ಸಾಕು.

ಈ ಸಲ ಹೀಗೆ ಮಾಡಿ. ಚೆನ್ನಾಗಿ ಕಳಿತ 100 ಕಿಲೋ ಕೊಟ್ಟಿಗೆ ಗೊಬ್ಬರಕ್ಕೆ 1 ಕಿಲೋ ಟ್ರೈಕೋಡರ್ಮಾ ಬೆರೆಸಿ. ನೆರಳಿನಲ್ಲಿ ಒದ್ದೆ ಗೋಣಿ ಮುಚ್ಚಿ 10–15 ದಿನ ಇಡಿ, ನಡುವೆ ಒಮ್ಮೆ ಮಗುಚಿ. ಪಾಕೀಟು ತುಂಬಲು ಆ ಗೊಬ್ಬರ ಬಳಸಿ. ವ್ಯಾಮ್ ಅನ್ನು ಪಾಕೀಟಿಗೆ 5–10 ಗ್ರಾಂ, ಬೀಜದ ಒಂದೆರಡು ಇಂಚು ಕೆಳಗೆ ಹಾಕಿ. ಬೇರು ಇಳಿಯುವಾಗಲೇ ಅದಕ್ಕೆ ತಾಗಬೇಕು. ಮೇಲೆ ಸುಮ್ನೆ ಉದುರಿಸಿದ್ದು ಅಲ್ಲೇ ಉಳಿಯುತ್ತದೆ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಪಾಕೀಟಿನಲ್ಲಿ ನೀರು ನಿಂತರೆ ಯಾವ ಜೀವಾಣುವೂ ಸಸಿ ಉಳಿಸುವುದಿಲ್ಲ. ತೂತು ತೆರೆದಿರಲಿ, ಪಾಕೀಟುಗಳನ್ನು ಎತ್ತರದ ಪಾತಿಯ ಮೇಲೆ ಜೋಡಿಸಿ. ತೋಟಕ್ಕೆ ಔಷಧಿ ಹೊಡೆಸುವ ದಿನ ಸಸಿಗಳಿಗೆ ಟಾರ್ಪಾಲು ಮುಚ್ಚಿ, ಆಮೇಲೆ ಮರೆಯದೆ ತೆಗೆಯಿರಿ.

ಐವತ್ತು ಪಾಕೀಟು ಏನೂ ಹಾಕದೆ ಬೇರೆ ಇಡಿ. ವ್ಯತ್ಯಾಸ ನಿಮ್ಮ ಕಣ್ಣಿಗೇ ಕಾಣಲಿ. ಹಲಸಿನ ಬೀಜ ಒಣಗಿದರೆ ಮೊಳೆಯುವುದಿಲ್ಲ, ಹಾಗಾಗಿ ಹಣ್ಣು ಶುರುವಾಗುವ ಮೊದಲೇ ಗೊಬ್ಬರ ತಯಾರಿರಲಿ.