ಹಳೇ ಜೀಪಿಗೆ ಡಿಸ್ಕ್ ಬ್ರೇಕ್: ಚಕ್ರ ಬಿಚ್ಚುವ ಮೊದಲು ಪೆಡಲ್ ಕೆಳಗೆ ಬಗ್ಗಿ ನೋಡಿ

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮ ಕಾಫಿ ತೋಟ. ಅಪ್ಪ ತೆಗೆದುಕೊಂಡ 1978ರ ಮಹೀಂದ್ರ ಫೋರ್ ವೀಲ್ ಜೀಪು ಇನ್ನೂ ದಿನಾ ಓಡುತ್ತಿದೆ. ಪೆಟ್ರೋಲ್ ಎಂಜಿನ್ ತೆಗೆಸಿ ಡೀಸೆಲ್ ಹಾಕಿಸಿದ್ದೇವೆ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಮಳೆಗಾಲದಲ್ಲಿ ಹಳ್ಳ ದಾಟಿದ ಮೇಲೆ ಬ್ರೇಕ್ ಹಿಡಿಯುವುದಿಲ್ಲ. ಹಿಡಿದರೂ ಗಾಡಿ ಎಡಕ್ಕೆ ಎಳೆಯುತ್ತದೆ. ಚಾರ್ಮಾಡಿ ಘಾಟಿ ಇಳಿಯುವಾಗ ಪೆಡಲ್ ಕೆಳಕೆಳಗೆ ಹೋಗುತ್ತದೆ. ಗ್ಯಾರೇಜಿನವರು ಮುಂದಿನ ಚಕ್ರಗಳಿಗೆ ಬೊಲೆರೊ ಡಿಸ್ಕ್ ಹಾಕಿಬಿಡೋಣ ಅನ್ನುತ್ತಿದ್ದಾರೆ. ಹಾಕಿಸಬಹುದಾ?

ಉತ್ತರ: ಹಾಕಿಸಬಹುದು. ಆದರೆ ಅದಕ್ಕೂ ಮೊದಲು ಅವರನ್ನು ಒಂದೇ ಮಾತು ಕೇಳಿ. ಮಾಸ್ಟರ್ ಸಿಲಿಂಡರ್, ಅಂದರೆ ಪೆಡಲ್ ಒತ್ತಿದಾಗ ಚಕ್ರಗಳಿಗೆ ಆಯಿಲ್ ತಳ್ಳುವ ಪಂಪು, ಅದನ್ನು ಏನು ಮಾಡುತ್ತೀರಿ? "ಅದು ಹಾಗೇ ಇರಲಿ, ಡಿಸ್ಕ್ ಮಾತ್ರ ಸಾಕು" ಎಂದರೆ ಗಾಡಿಯನ್ನು ವಾಪಸ್ ತೋಟಕ್ಕೆ ತನ್ನಿ. ಡಿಸ್ಕನ್ನೂ, ಅದನ್ನು ಪ್ಯಾಡ್‌ಗಳ ನಡುವೆ ಅದುಮಿ ಹಿಡಿಯುವ ಕ್ಯಾಲಿಪರನ್ನೂ ಕೂರಿಸುವುದು ಅರ್ಧ ಕೆಲಸ. ಇನ್ನರ್ಧ ನಿಮ್ಮ ಕಾಲ ಕೆಳಗಿದೆ, ಅದನ್ನೇ ಜನ ಬಿಟ್ಟುಬಿಡುತ್ತಾರೆ.

ಮೊದಲು ನಿಮ್ಮ ಮೂರು ತೊಂದರೆ ನೋಡೋಣ. ಮೂರಕ್ಕೂ ಕಾರಣ ಒಂದೇ ಅಲ್ಲ.

ಹಳ್ಳ ದಾಟಿದಾಗ ಡ್ರಮ್ ಒಳಗೆ ನೀರು, ಕೆಸರು ಸೇರುತ್ತದೆ. ಡ್ರಮ್ಮನ್ನು ಒಳಗಿನಿಂದ ಒತ್ತುವ ಶೂಗಳ ಮೇಲಿನ ಲೈನರ್ ಒದ್ದೆಯಾಗುತ್ತದೆ. ಒಳಗೆ ಹೋದ ನೀರು ಬೇಗ ಆರುವುದಿಲ್ಲ. ಇದು ಡ್ರಮ್ಮಿನ ಹುಟ್ಟುಗುಣ, ಡಿಸ್ಕ್ ಹಾಕಿದರೆ ನಿಜಕ್ಕೂ ಸುಧಾರಿಸುತ್ತದೆ. ಡಿಸ್ಕ್ ಬಯಲಲ್ಲೇ ತಿರುಗುತ್ತದೆ, ನೀರನ್ನು ಎಸೆದುಬಿಡುತ್ತದೆ.

ಘಾಟಿಯಲ್ಲಿ ಪೆಡಲ್ ಕೆಳಗೆ ಹೋಗುವುದು ಬಿಸಿಯಿಂದ. ಡ್ರಮ್ ಕಾದಂತೆ ಹಿಗ್ಗುತ್ತದೆ. ಅದನ್ನು ಮುಟ್ಟಲು ಶೂ ಇನ್ನೂ ದೂರ ಚಾಚಬೇಕು, ಅಷ್ಟೂ ನಿಮ್ಮ ಪೆಡಲ್‌ನಲ್ಲಿ ಕಾಣುತ್ತದೆ. ಇದಕ್ಕೂ ಡಿಸ್ಕ್ ಒಳ್ಳೇ ಮದ್ದು. ಆದರೆ ಹಳೇ ಬ್ರೇಕ್ ಆಯಿಲ್ ಕೂಡ ಇದೇ ಥರ ಮಾಡುತ್ತದೆ. ಬ್ರೇಕ್ ಆಯಿಲ್ ಗಾಳಿಯಿಂದ ತೇವ ಹೀರುತ್ತದೆ. ಹೊಸ ಡಾಟ್ 3 ಆಯಿಲ್ ಕನಿಷ್ಠ 205 ಡಿಗ್ರಿ ತಡೆಯಬೇಕು. ತೇವ ಕುಡಿದ ಮೇಲೆ ಅದು 140 ಡಿಗ್ರಿಗೇ ಕುದಿಯಬಹುದು. ಕುದಿದರೆ ಪೈಪಿನಲ್ಲಿ ಆವಿ, ಪೆಡಲ್ ಸ್ಪಂಜಿನಂತೆ ಒಳಗೆ ಹೋಗುತ್ತದೆ. ನಿಮ್ಮ ಮಲೆನಾಡಿನ ಮಳೆಗೆ ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಲೇಬೇಕು. ಕೊನೆಯ ಸಲ ಬದಲಿಸಿದ್ದು ಯಾವಾಗ ಎಂದು ನೆನಪಾಗದಿದ್ದರೆ ಈ ವಾರವೇ ಬದಲಿಸಿ.

ಎಡಕ್ಕೆ ಎಳೆಯುವುದು ಮಾತ್ರ ರಿಪೇರಿ ಬಾಕಿ ಇರುವ ಲಕ್ಷಣ. ಎಡಗಡೆ ಹಿಡಿಯುತ್ತಿದೆ, ಬಲಗಡೆ ಹಿಡಿಯುತ್ತಿಲ್ಲ. ಬಲಗಡೆ ಡ್ರಮ್ ಬಿಚ್ಚಿ ನೋಡಿ. ಶೂಗಳನ್ನು ತಳ್ಳುವ ವೀಲ್ ಸಿಲಿಂಡರ್ ಜಾಮ್ ಆಗಿರಬಹುದು, ಇಲ್ಲವೇ ಸೀಲ್ ಸೋರಿ ಲೈನರ್ ಮೇಲೆ ಎಣ್ಣೆ ಕೂತಿರಬಹುದು. ಈ ಜೀಪುಗಳ ಮುಂದಿನ ಆಕ್ಸಲ್ ತುದಿಯಲ್ಲಿ ಒಂದು ದೊಡ್ಡ ಉಂಡೆ ಇದೆಯಲ್ಲ, ಅದರ ಒಳಗಿನ ಎಣ್ಣೆ ಕೂಡ ಸೀಲ್ ಹೋದರೆ ಡ್ರಮ್ಮಿಗೆ ಬರುತ್ತದೆ. ಆ ಸೀಲ್ ಸರಿ ಮಾಡದೆ ಡಿಸ್ಕ್ ಹಾಕಿದರೆ ಹೊಸ ಪ್ಯಾಡಿಗೂ ಅದೇ ಗತಿ. ಡ್ರಮ್ ಬಿಚ್ಚಿದಾಗ ಒಳಗಿನ ಧೂಳನ್ನು ಗಾಳಿ ಹೊಡೆದು ಊದಬೇಡಿ. ಹಳೇ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು, ಅದು ಶ್ವಾಸಕೋಶಕ್ಕೆ ವಿಷ. ಒದ್ದೆ ಬಟ್ಟೆಯಲ್ಲಿ ಒರೆಸಿ.

ಈಗ ಡಿಸ್ಕ್ ವಿಷಯಕ್ಕೆ ಬರೋಣ. ನಿಮ್ಮ ಜೀಪಿನ ಮೂಲ ಅಮೆರಿಕದ ವಿಲ್ಲಿಸ್. ಎರಡನೇ ಮಹಾಯುದ್ಧದ ಆ ಗಾಡಿಗೆ 60 ಅಶ್ವಶಕ್ತಿಯ ಎಂಜಿನ್, 9 ಇಂಚಿನ ಡ್ರಮ್. ಇಂಥ ಹಳೇ ಜೀಪುಗಳಲ್ಲಿ ಮಾಸ್ಟರ್ ಸಿಲಿಂಡರ್ ಚಾಸಿಸ್ ಪಕ್ಕ, ಫ್ಲೋರ್ ಕೆಳಗೆ ಕೂತಿರುತ್ತದೆ. ಆಯಿಲ್ ಹಾಕಬೇಕಾದರೆ ಫ್ಲೋರಿನ ಸಣ್ಣ ಮುಚ್ಚಳ ತೆಗೆದು ಬಗ್ಗಬೇಕು. ನಾಲ್ಕೂ ಚಕ್ರಕ್ಕೆ ಒಂದೇ ಲೈನ್. ಎಲ್ಲಾದರೂ ಒಂದು ಪೈಪ್ ಒಡೆದರೆ ನಾಲ್ಕೂ ಬ್ರೇಕ್ ಒಟ್ಟಿಗೆ ಹೋಗುತ್ತವೆ.

ಈ ಸಿಲಿಂಡರ್ ಡಿಸ್ಕಿಗೆ ಯಾಕೆ ಹೊಂದುವುದಿಲ್ಲ? ಮೂರು ಕಾರಣ ಇವೆ. ಒಂದು, ಡ್ರಮ್ ತಿರುಗುವಾಗ ಎರಡು ಶೂಗಳಲ್ಲಿ ಮುಂದಿರುವುದನ್ನು ತಾನೇ ಒಳಕ್ಕೆ ಎಳೆದುಕೊಂಡು ಬಿಗಿಯಾಗುತ್ತದೆ. ನಿಮ್ಮ ಕಾಲಿಗೆ ಪುಕ್ಕಟೆ ಸಹಾಯ. ಡಿಸ್ಕಿನಲ್ಲಿ ಆ ಸಹಾಯ ಇಲ್ಲ, ಒತ್ತಡ ಜಾಸ್ತಿ ಬೇಕು. ಎರಡು, ಕ್ಯಾಲಿಪರ್ ಪಿಸ್ಟನ್ ದೊಡ್ಡದು. ವ್ಯಾಸ ಎರಡು ಪಟ್ಟಾದರೆ ವಿಸ್ತೀರ್ಣ ನಾಲ್ಕು ಪಟ್ಟು, ತಳ್ಳಬೇಕಾದ ಆಯಿಲ್ ಕೂಡ ಅಷ್ಟೇ ಜಾಸ್ತಿ. ಪ್ಯಾಡ್ ಸವೆದಂತೆ ಕ್ಯಾಲಿಪರ್ ಆಯಿಲ್ ಹಿಡಿದಿಟ್ಟುಕೊಳ್ಳುತ್ತದೆ, ಹಾಗಾಗಿ ಆಯಿಲ್ ಡಬ್ಬಿಯೂ ದೊಡ್ಡದಿರಬೇಕು.

ಮೂರನೆಯದು ಜನ ಮರೆಯುವಂಥದ್ದು. ಡ್ರಮ್ ಬ್ರೇಕಿನ ಹಳೇ ಮಾಸ್ಟರ್ ಸಿಲಿಂಡರ್ ಒಳಗೆ ಒಂದು ಪುಟ್ಟ ವಾಲ್ವ್ ಇರುತ್ತದೆ. ಪೆಡಲ್ ಬಿಟ್ಟ ಮೇಲೂ ಅದು ಪೈಪಿನಲ್ಲಿ ಸುಮಾರು 10 ಪಿಎಸ್ಐ (ಚದರ ಇಂಚಿಗೆ ಪೌಂಡ್) ಒತ್ತಡ ಉಳಿಸುತ್ತದೆ. ಡ್ರಮ್ಮಿನಲ್ಲಿ ಶೂಗಳನ್ನು ಹಿಂದಕ್ಕೆ ಎಳೆಯಲು ಗಟ್ಟಿ ಸ್ಪ್ರಿಂಗ್ ಇದೆ, ಅದಕ್ಕೆ ಇದು ಲೆಕ್ಕಕ್ಕಿಲ್ಲ. ಕ್ಯಾಲಿಪರ್‌ಗೆ ಅಂಥ ಸ್ಪ್ರಿಂಗ್ ಇಲ್ಲ. ಪಿಸ್ಟನ್ ಸುತ್ತಲಿನ ರಬ್ಬರ್ ಸೀಲ್ ಸ್ವಲ್ಪ ತಿರುಚಿಕೊಂಡು, ಪೆಡಲ್ ಬಿಟ್ಟಾಗ ಕೂದಲೆಳೆಯಷ್ಟು ಹಿಂದಕ್ಕೆ ಎಳೆಯುತ್ತದೆ, ಅಷ್ಟೇ. 10 ಪಿಎಸ್ಐ ಉಳಿದರೆ ಪ್ಯಾಡ್ ಡಿಸ್ಕನ್ನು ಉಜ್ಜುತ್ತಲೇ ಇರುತ್ತದೆ. ಗಾಡಿ ಭಾರ ಅನ್ನಿಸುತ್ತದೆ, ಡೀಸೆಲ್ ಕುಡಿಯುತ್ತದೆ, ಹಬ್ ಕಾಯುತ್ತದೆ.

ಹಾಗಂತ ವಾಲ್ವನ್ನೇ ತೆಗೆದು ಬಿಸಾಕಿದರೆ ಇನ್ನೊಂದು ತೊಂದರೆ. ನಿಮ್ಮ ಸಿಲಿಂಡರ್ ಫ್ಲೋರ್ ಕೆಳಗಿದೆ, ಕ್ಯಾಲಿಪರ್ ಅದಕ್ಕಿಂತ ಮೇಲಿರಬಹುದು. ಗಾಡಿ ನಿಂತಾಗ ಆಯಿಲ್ ನಿಧಾನ ಕೆಳಕ್ಕೆ ಇಳಿದು, ಬೆಳಿಗ್ಗೆ ಮೊದಲ ಪೆಡಲ್ ಖಾಲಿ ಹೋಗುತ್ತದೆ. ಅದಕ್ಕೆ ಮುಂದಿನ ಡಿಸ್ಕ್ ಲೈನಿಗೆ 2 ಪಿಎಸ್ಐ ವಾಲ್ವ್, ಹಿಂದಿನ ಡ್ರಮ್ ಲೈನಿಗೆ 10 ಪಿಎಸ್ಐ ವಾಲ್ವ್ ಬೇಕು. ಸಿಲಿಂಡರನ್ನು ಮೇಲೆ, ಎಂಜಿನ್ ಹಿಂದಿನ ಗೋಡೆಗೆ (ಫೈರ್‌ವಾಲ್) ಏರಿಸಿದರೆ ಆ 2 ಪಿಎಸ್ಐ ವಾಲ್ವ್ ಬೇಕಿಲ್ಲ. ನನ್ನ ಒಲವು ಏರಿಸುವ ಕಡೆಗೇ. ಕೆಸರಿನಿಂದಲೂ ಬಚಾವ್, ಆಯಿಲ್ ನೋಡುವುದೂ ಸುಲಭ.

ಹಾಗಾಗಿ ಡಿಸ್ಕ್ ಮತ್ತು ಡ್ರಮ್ ಎರಡೂ ಇರುವ ಗಾಡಿಗೆ ಮಾಡಿದ ಎರಡು ಲೈನಿನ ಮಾಸ್ಟರ್ ಸಿಲಿಂಡರ್ ಹಾಕಿಸಿ. ಜೊತೆಗೆ, ಕಾಲಿನ ಬಲ ಹೆಚ್ಚಿಸುವ ವ್ಯಾಕ್ಯೂಮ್ ಬೂಸ್ಟರ್. ನಿಮ್ಮದು ಡೀಸೆಲ್ ಎಂಜಿನ್. ಪೆಟ್ರೋಲ್ ಎಂಜಿನ್ನಿನಂತೆ ಗಾಳಿ ಎಳೆಯುವ ಮ್ಯಾನಿಫೋಲ್ಡಿನಿಂದ ವ್ಯಾಕ್ಯೂಮ್ ಸಿಗುವುದಿಲ್ಲ. ವ್ಯಾಕ್ಯೂಮ್ ಪಂಪ್ ಇರುವ ಆಲ್ಟರ್ನೇಟರ್ ಬೇಕು. ಬೂಸ್ಟರ್ ಹಾಕಿಸಿದ ಮೇಲೆ ಇಳಿಜಾರಿನಲ್ಲಿ ಡೀಸೆಲ್ ಉಳಿಸಲು ಎಂಜಿನ್ ಆಫ್ ಮಾಡುವ ಅಭ್ಯಾಸ ಯಾರಿಗಾದರೂ ಇದ್ದರೆ ಅವತ್ತೇ ಬಿಡಿಸಿ. ಒಂದೆರಡು ಸಲ ಒತ್ತಿದ ಮೇಲೆ ಪೆಡಲ್ ಕಲ್ಲಾಗುತ್ತದೆ.

ಚಕ್ರದ ಕಡೆ ಕೆಲಸ ಲೇತ್‌ನವರ ಕೈಯಲ್ಲಿದೆ. ಬೊಲೆರೊ ಡಿಸ್ಕ್ ನಿಮ್ಮ ಹಬ್ಬಿಗೆ ನೇರ ಕೂರುವುದಿಲ್ಲ. ಡ್ರಮ್ಮಿನ ಬ್ಯಾಕ್ ಪ್ಲೇಟ್ ತೆಗೆದು, ಅದೇ ಬೋಲ್ಟ್ ತೂತುಗಳಿಗೆ ಕ್ಯಾಲಿಪರ್ ಬ್ರಾಕೆಟ್ ಬರುತ್ತದೆ. ಈ ಬ್ರಾಕೆಟ್ ಒಂದೇ ದಪ್ಪ ಪ್ಲೇಟಿನಿಂದ ಕತ್ತರಿಸಿದ್ದಾಗಿರಲಿ. ತುಂಡು ತುಂಡು ವೆಲ್ಡ್ ಮಾಡಿದ್ದು ಬೇಡವೇ ಬೇಡ. ಗಾಡಿ ನಿಲ್ಲಿಸುವ ಪೂರ್ತಿ ಬಲ ಆ ತುಂಡಿನ ಮೇಲೆ ಬೀಳುತ್ತದೆ. ನಾನು ಬಿಚ್ಚಿದ ಒಂದು ಜೀಪಿನಲ್ಲಿ ವೆಲ್ಡಿಂಗ್ ಪಕ್ಕದಲ್ಲೇ ಉಗುರಿನಷ್ಟು ಉದ್ದದ ಬಿರುಕು ಇತ್ತು, ಮೇಲಿನ ಪೇಂಟ್ ಅದನ್ನು ಮುಚ್ಚಿತ್ತು. ಅದನ್ನು ಓಡಿಸುತ್ತಿದ್ದ ಹುಡುಗನಿಗೆ ಗೊತ್ತೇ ಇರಲಿಲ್ಲ. ಬೋಲ್ಟಿನ ತಲೆ ಮೇಲೆ ಅದರ ಗಟ್ಟಿತನದ ಗುರುತಾದ 10.9 ಅಂತ ಒತ್ತಿರಬೇಕು, ಗಾಡಿ ಪಡೆಯುವ ಮೊದಲು ನೀವೇ ಓದಿ ನೋಡಿ.

ರಿಮ್ ಕ್ಯಾಲಿಪರ್‌ಗೆ ತಾಗುತ್ತದಾ ಎಂದು ತಿಳಿಯಲು ಸುಲಭದ ದಾರಿ ಇದೆ. ಕ್ಯಾಲಿಪರ್ ಬೆನ್ನಿಗೆ ಒಂದಿಷ್ಟು ಜೇಡಿಮಣ್ಣು ಮೆತ್ತಿ, ಚಕ್ರ ಕಟ್ಟಿ ಕೈಯಿಂದ ತಿರುಗಿಸಿ. ಬಿಚ್ಚಿ ನೋಡಿದರೆ ಎಷ್ಟು ಜಾಗ ಉಳಿದಿದೆ ಎಂದು ಮಣ್ಣೇ ತೋರಿಸುತ್ತದೆ. ಆಮೇಲೆ ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಬ್ರೇಕ್ ಹೋಸ್ ಎಳೆಯುತ್ತಿಲ್ಲ, ಟೈರಿಗೆ ಉಜ್ಜುತ್ತಿಲ್ಲ ಎಂದು ನೋಡಿಕೊಳ್ಳಿ.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹೊಸ ಸಾಮಾನು ಸಿಗುತ್ತದೆ. ಶಿವಾಜಿನಗರದ ಗುಜರಿಯಲ್ಲಿ ಬ್ರಾಕೆಟ್, ಹಬ್ ಹುಡುಕಿ, ತಪ್ಪಿಲ್ಲ. ಕ್ಯಾಲಿಪರ್, ಮಾಸ್ಟರ್ ಸಿಲಿಂಡರ್, ಹೋಸ್ ಮಾತ್ರ ಗುಜರಿಯದ್ದು ಬೇಡ.

ಇಷ್ಟೆಲ್ಲ ಆಗುವ ತನಕ ಚಾರ್ಮಾಡಿಯಲ್ಲಿ ಎರಡನೇ ಗೇರ್ ಬಿಟ್ಟು ಮೇಲೆ ಹೋಗಬೇಡಿ. ಎಂಜಿನ್ನೇ ಗಾಡಿ ಹಿಡಿಯಲಿ.

ಪ್ರಶ್ನೆ: ಹೊಸನಗರದಿಂದ ಬರೆಯುತ್ತಿದ್ದೇನೆ. ನಮ್ಮ ಜೀಪಿಗೆ ಮುಂದೆ ಡಿಸ್ಕ್ ಹಾಕಿಸಿ ತಿಂಗಳಾಯಿತು. ನಾಲ್ಕು ಸಲ ಬ್ರೇಕ್ ಪೈಪಿನ ಏರ್ ತೆಗೆಸಿದರೂ ಪೆಡಲ್ ಮೆತ್ತಗೇ ಇದೆ.

ಉತ್ತರ: ಕ್ಯಾಲಿಪರ್‌ನಲ್ಲಿ ಏರ್ ತೆಗೆಯುವ ನಿಪ್ಪಲ್ ಎಲ್ಲಿದೆ ನೋಡಿ. ತಲೆಯ ಕಡೆ, ಎಲ್ಲಕ್ಕಿಂತ ಮೇಲೆ ಇರಬೇಕು. ಕೆಳಗಿದ್ದರೆ ಎಡ-ಬಲ ಕ್ಯಾಲಿಪರ್ ಅದಲು ಬದಲಾಗಿದೆ. ಗಾಳಿ ಯಾವಾಗಲೂ ಮೇಲೆ ಹೋಗಿ ನಿಲ್ಲುತ್ತದೆ, ಕೆಳಗಿನ ನಿಪ್ಪಲಿನಿಂದ ನಲವತ್ತು ಸಲ ತೆಗೆದರೂ ಬರುವುದಿಲ್ಲ. ಎರಡೂ ಕ್ಯಾಲಿಪರ್‌ಗಳ ಕಡೆ ಅದಲು ಬದಲು ಮಾಡಿ, ಮಾಸ್ಟರ್ ಸಿಲಿಂಡರ್‌ನಿಂದ ದೂರದ ಚಕ್ರದಿಂದ ಏರ್ ತೆಗೆಯಲು ಶುರು ಮಾಡಿ ಹತ್ತಿರದ್ದಕ್ಕೆ ಬನ್ನಿ. ನಿಪ್ಪಲ್ ಸರಿಯಾಗೇ ಇದ್ದರೆ ಹಿಂದಿನ ಡ್ರಮ್ಮಿನ ಅಡ್ಜಸ್ಟ್‌ಮೆಂಟ್ ನೋಡಿ. ಶೂ ದೂರ ಇದ್ದರೂ ಪೆಡಲ್ ಕೆಳಗೆ ಹೋಗುತ್ತದೆ.

ಇನ್ನೊಂದು ಮಾತು. ಯಾವುದಾದರೂ ಚಕ್ರ ಬಿಗಿ ಹಿಡಿದು ಬಿಡದಿದ್ದರೆ ಆ ನಿಪ್ಪಲ್ ಸ್ವಲ್ಪ ಸಡಿಲಿಸಿ. ಆಯಿಲ್ ಚಿಮ್ಮಿ ಚಕ್ರ ಬಿಟ್ಟುಕೊಂಡರೆ ಒತ್ತಡ ಲೈನಿನಲ್ಲಿ ಉಳಿದಿದೆ, ಮೇಲೆ ಹೇಳಿದ ವಾಲ್ವ್ ಅಥವಾ ಪೆಡಲ್ ರಾಡ್‌ಗೆ ಆಟ (ಸ್ವಲ್ಪ ಸಡಿಲು) ಇಲ್ಲದಿರುವುದು ಕಾರಣ. ಸಡಿಲಿಸಿದರೂ ಬಿಡದಿದ್ದರೆ ಕ್ಯಾಲಿಪರ್ ಪಿಸ್ಟನ್ ಜಾಮ್ ಆಗಿದೆ.

ಪ್ರಶ್ನೆ: ಹಿಂದಿನ ಚಕ್ರಕ್ಕೂ ಡಿಸ್ಕ್ ಹಾಕಿದರೆ ಇನ್ನೂ ಒಳ್ಳೆಯದಲ್ವಾ? ಆರ್‌ಟಿಒ ತೊಂದರೆ ಏನಾದರೂ ಇದೆಯಾ?

ಉತ್ತರ: ತೋಟದ ಜೀಪಿಗೆ ಹಿಂದೆ ಡ್ರಮ್ ಸಾಕು. ಬ್ರೇಕ್ ಒತ್ತಿದಾಗ ಭಾರ ಮುಂದಕ್ಕೆ ಬೀಳುತ್ತದೆ, ಹೆಚ್ಚಿನ ಕೆಲಸ ಮುಂದಿನ ಚಕ್ರಗಳದ್ದೇ. ಖಾಲಿ ಗಾಡಿಯ ಹಿಂದೆ ಬ್ರೇಕ್ ಜಾಸ್ತಿಯಾದರೆ ಒದ್ದೆ ರಸ್ತೆಯಲ್ಲಿ ಹಿಂಭಾಗ ಜಾರಿ ಅಡ್ಡ ನಿಲ್ಲುತ್ತದೆ. ಹ್ಯಾಂಡ್‌ಬ್ರೇಕ್ ವಿಷಯವೂ ಇದೆ. ಹಳೇ ಜೀಪುಗಳಲ್ಲಿ ಅದು ಮುಂದಿನ, ಹಿಂದಿನ ಚಕ್ರಗಳಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್ ಹಿಂದೆ ಪ್ರೊಪೆಲ್ಲರ್ ಶಾಫ್ಟ್ ಮೇಲೆ ಬೇರೆ ಡ್ರಮ್ ಆಗಿರುತ್ತದೆ, ಹಾಗಿದ್ದರೆ ಚಿಂತೆ ಇಲ್ಲ. ನಿಮ್ಮದರಲ್ಲಿ ಕೇಬಲ್ ಹಿಂದಿನ ಚಕ್ರದ ಡ್ರಮ್ಮಿಗೆ ಹೋಗಿದ್ದರೆ, ಡ್ರಮ್ ತೆಗೆದ ದಿನವೇ ಹ್ಯಾಂಡ್‌ಬ್ರೇಕ್ ಕೂಡ ಹೋಯಿತು.

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಗಾಡಿಯ ಬದಲಾವಣೆ ಬಗ್ಗೆ ಬಿಗಿಯಾಗಿದೆ. ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾದ ಬದಲಾವಣೆ ಮಾಡುವಂತಿಲ್ಲ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಹಾಗಾಗಿ ಕೆಲಸ ಶುರು ಮಾಡುವ ಮೊದಲೇ ನಿಮ್ಮ ಆರ್‌ಟಿಒ ಕಚೇರಿಯಲ್ಲಿ ಮೋಟಾರು ವಾಹನ ನಿರೀಕ್ಷಕರನ್ನು ಕೇಳಿ, ಇನ್ಶೂರೆನ್ಸ್ ಕಂಪನಿಗೂ ಬರೆದು ತಿಳಿಸಿ. ಹಾಕಿದ ಸಾಮಾನಿನ ಬಿಲ್ಲುಗಳನ್ನು ಆರ್‌ಸಿ ಜೊತೆ ಇಟ್ಟುಕೊಳ್ಳಿ, ಐದು ವರ್ಷಕ್ಕೊಮ್ಮೆ ಆರ್‌ಸಿ ರಿನ್ಯೂವಲ್‌ಗೆ ಗಾಡಿ ತೋರಿಸುವಾಗ ಬೇಕಾಗುತ್ತದೆ.